ಬೀಜಕ್ಕೆ ಬಿಟ್ಟ ಕಾಯಿ

ನನಗೆ ಕಾಯುವುದು ಬರುವುದಿಲ್ಲ. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಮುಂದಿನ ಸ್ಟಾಪಿನತ್ತ ನಡೆಯತೊಡಗುತ್ತೇನೆ. ಅರ್ಧ ದಾರಿಯಲ್ಲಿರುವಾಗ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ. ಹೆಪ್ಪು ಹಾಕಿದ ಹಾಲನ್ನು ಗಂಟೆಗೊಮ್ಮೆ ಅಲ್ಲಾಡಿಸಿ ನೋಡಿ ಮೊಸರು ಕೆಡಿಸುತ್ತೇನೆ. ಮನೆಯವರು ರೇಗಿಸುತ್ತಾರೆ, ನಾನೂ ನಗುತ್ತೇನೆ. ಈ ಆತುರ ಒಂದು ಸಲ ಏನನ್ನು ತಿಂದುಹಾಕಿತು ಅನ್ನುವುದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.

ನಮ್ಮ ಮನೆ ಯಡಿಯೂರಿನಲ್ಲಿತ್ತು. ಕೆರೆಯ ಕೆಳಗೆ ತರಕಾರಿ ತೋಟ, ತೋಟದ ಮಧ್ಯೆ ಎತ್ತುಗಳಿಂದ ನೀರೆಳೆಸುವ ಬಾವಿ. ನಾನು ಹುಟ್ಟಿದ್ದು ಐವತ್ತರ ದಶಕದ ಆರಂಭದಲ್ಲಿ. ನನಗೆ ನೆನಪು ಮೂಡುವ ಹೊತ್ತಿಗೆ ತೋಟದಾಚೆಯ ರಾಗಿ ಹೊಲಗಳಲ್ಲಿ ಜಯನಗರದ ಸೈಟುಗಳಿಗೆ ಕಲ್ಲು ನೆಟ್ಟಾಗಿತ್ತು. ನಾನು ಶಾಲೆಗೆ ಸೇರುವಷ್ಟರಲ್ಲಿ ಅಲ್ಲಿ ಮನೆಗಳೆದ್ದು, ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ದಾಸವಾಳದ ಗಿಡ ಎಲ್ಲ ಬಂದಿದ್ದವು. ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಆ ಮನೆಗಳಿಗೆ ತರಕಾರಿ ಕೊಡಲು ಹೋಗುತ್ತಿದ್ದಳು. ಉಳಿದದ್ದನ್ನು ಅಪ್ಪ ಗಾಡಿಯಲ್ಲಿ ಸಿಟಿ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಬೆಳಿಗ್ಗೆ ಕಿತ್ತ ಕಾಯಿ ಮಧ್ಯಾಹ್ನದೊಳಗೆ ಯಾರದಾದರೂ ಒಲೆ ಮೇಲೆ ಬೇಯಬೇಕು ಅನ್ನುವುದು ಅಜ್ಜಿಯ ಹಟ. ಬೇಯದೆ ಉಳಿದರೆ ತನಗೇ ಅವಮಾನವಾದಂತೆ ಮುಖ ಮಾಡುತ್ತಿದ್ದಳು.

ನಮ್ಮ ತೋಟದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದ ಕಾಯನ್ನು ತಿನ್ನುವ ಹಾಗಿರಲಿಲ್ಲ, ಮಾರುವ ಹಾಗೂ ಇರಲಿಲ್ಲ. ಅದು ಬೀಜಕ್ಕೆ. ಅಜ್ಜಿ ತನ್ನ ಹಳೇ ಸೀರೆಯಿಂದ ಒಂದು ಚೂರು ಹರಿದು ಅದರ ತೊಟ್ಟಿಗೆ ಕಟ್ಟಿಬಿಡುತ್ತಿದ್ದಳು. ಬಟ್ಟೆ ಕಟ್ಟಿದ ಮೇಲೆ ಮುಗಿಯಿತು, ಅದನ್ನು ಅಪ್ಪನೂ ಮುಟ್ಟುವಂತಿರಲಿಲ್ಲ. ಬದನೆಯಾದರೆ ಹಳದಿ ತಿರುಗಿ, ಒತ್ತಿದರೆ ಮೆತ್ತಗಾಗುವವರೆಗೂ ಗಿಡದಲ್ಲೇ ಇರಬೇಕು. ಆಮೇಲೆ ಅದನ್ನು ನೀರಿನಲ್ಲಿ ಹಿಸುಕಿ, ಮುಳುಗಿದ ಬೀಜವನ್ನಷ್ಟೇ ಇಟ್ಟುಕೊಂಡು, ತೇಲಿದ್ದನ್ನು ಚೆಲ್ಲಿ, ಒಣಗಿಸಿ, ಬೂದಿ ಸವರಿ, ಸಗಣಿಯಲ್ಲಿ ಒತ್ತಿ ಅಡುಗೆಮನೆಯ ಗೋಡೆಗೆ ಬೆರಣಿಯಂತೆ ತಟ್ಟುತ್ತಿದ್ದಳು. ಒಲೆಯ ಹೊಗೆ ತಾಗುವ ಗೋಡೆ ಅದು. ಸೋರೆ, ಕುಂಬಳ, ಹೀರೆ, ಬದನೆ, ನಮ್ಮ ಮುಂದಿನ ವರ್ಷದ ಊಟವೆಲ್ಲ ಆ ಗೋಡೆಯ ಮೇಲೆ ಸಾಲಾಗಿ ಅಂಟಿಕೊಂಡಿರುತ್ತಿತ್ತು.

ಅದರಲ್ಲಿ ಬದನೆ ಅಜ್ಜಿಯ ಸ್ವಂತದ್ದು. ಬೇಗೂರಿನಿಂದ ಮದುವೆಯಾಗಿ ಬರುವಾಗ ಅವಳಮ್ಮ ಮಡಿಲಕ್ಕಿಯ ಜೊತೆ ಕಟ್ಟಿಕೊಟ್ಟ ಬೀಜವಂತೆ. ದುಂಡಗಿನ ಕಾಯಿ, ಹಸಿರಿನ ಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಕೈ ಚುಚ್ಚುವ ಮುಳ್ಳು. ಜಯನಗರದ ಮನೆಗಳಲ್ಲಿ "ಅಜ್ಜಿ, ನಿಮ್ಮ ಬದನೆಕಾಯಿ ಇದ್ಯಾ?" ಎಂದೇ ಕೇಳುತ್ತಿದ್ದರು. ಅಜ್ಜಿ ಆ ಮಾತಿಗೆ ಉಬ್ಬಿಹೋಗಿ ಎರಡು ಕಾಯಿ ಹೆಚ್ಚಿಗೆ ಹಾಕುತ್ತಿದ್ದಳು. ಬೀಜವನ್ನಾಗಲಿ ಸಸಿಯನ್ನಾಗಲಿ ಅವಳು ಮಾರುತ್ತಿರಲಿಲ್ಲ, ಕೇಳಿದವರಿಗೆ ಸುಮ್ಮನೆ ಕೊಡುತ್ತಿದ್ದಳು.

ನನಗೋ ಆ ಕಾಯುವಿಕೆಯೇ ಹಿಂಸೆ. ಪಾತಿಯಲ್ಲಿ ಬೀಜ ಹಾಕಿದ ಮಾರನೆಯ ದಿನವೇ ಬೆರಳಿನಿಂದ ಮಣ್ಣು ಕೆದಕಿ ಮೊಳಕೆ ಬಂತಾ ಎಂದು ನೋಡುತ್ತಿದ್ದೆ. ಅಜ್ಜಿ ಕೈ ಮೇಲೆ ಬಾರಿಸುತ್ತಿದ್ದಳು.

"ಏನೇ ಆತ್ರ ನಿಂಗೆ? ಅದು ನಿನ್ ಮುಖ ನೋಡ್ಕಂಡು ಹುಟ್ತದಾ? ಅದ್ರ ಪಾಡಿಗೆ ಬಿಡು."

ಬಿಡುತ್ತಿರಲಿಲ್ಲ. ಅವಳು ಅತ್ತ ತಿರುಗಿದರೆ ಇತ್ತ ಕೆದಕುತ್ತಿದ್ದೆ.

ನನಗೆ ಹನ್ನೊಂದೋ ಹನ್ನೆರಡೋ ಆಗಿದ್ದಾಗ ಒಂದು ದಿನ ತೋಟದ ಬದುವಿನಲ್ಲಿ ಜೀಪು ಬಂದು ನಿಂತಿತು. ಪ್ಯಾಂಟು, ಬೂಟು, ಕೈಯಲ್ಲಿ ಚರ್ಮದ ಚೀಲ. ತರಕಾರಿಯನ್ನು ಹೆಚ್ಚಿ ಒಣಗಿಸಿ ಡಬ್ಬಿಗೆ ತುಂಬುವ ಕಂಪನಿಯೊಂದರ ಮನುಷ್ಯ. ಆ ಡಬ್ಬಿಗಳು ಗಡಿಯಲ್ಲಿರುವ ಸಿಪಾಯಿಗಳಿಗೆ, ದೊಡ್ಡ ದೊಡ್ಡ ಹೋಟೆಲುಗಳಿಗೆ ಹೋಗುತ್ತವೆ ಎಂದ. ಕಂಪನಿಗೆ ಬೇಕಾಗಿದ್ದುದು ಎಲೆಕೋಸು ಮಾತ್ರ. ಬೀಜ ಅವರೇ ಕೊಡುತ್ತಾರೆ, ಗೊಬ್ಬರ ಅವರೇ ಕೊಡುತ್ತಾರೆ, ಬೆಳೆದದ್ದನ್ನು ಲಾರಿ ತಂದು ಬದುವಿನಿಂದಲೇ ಒಯ್ಯುತ್ತಾರೆ. ನಸುಕಿನಲ್ಲೆದ್ದು ಮಾರ್ಕೆಟ್ಟಿಗೆ ಗಾಡಿ ಹೊಡೆದು, ದಲ್ಲಾಳಿಗಳ ಹತ್ತಿರ ಗಂಟಲು ಹರಿದುಕೊಂಡು ಸುಸ್ತಾಗಿದ್ದ ಅಪ್ಪನಿಗೆ ಕೊನೆಯ ಮಾತು ಅಮೃತದಂತೆ ಕೇಳಿಸಿರಬೇಕು.

ಬೀಜದ ಪೊಟ್ಟಣದ ಮೇಲೆ ಬಣ್ಣದ ಚಿತ್ರವಿತ್ತು. ಅಷ್ಟು ದೊಡ್ಡ ಕೋಸನ್ನು ನಾನು ನೋಡಿರಲಿಲ್ಲ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬರುತ್ತಿದ್ದುದು ನನಗೊಬ್ಬಳಿಗೇ. ಕೂಡಿಸಿ ಕೂಡಿಸಿ ಓದಿದೆ. ಅರ್ಧ ಅರ್ಥವಾಗಲಿಲ್ಲ, ಅರ್ಧ ನಾನೇ ಸೇರಿಸಿದೆ. "ಅಪ್ಪ, ತೊಂಬತ್ತೇ ದಿನಕ್ಕೆ ಬರ್ತದಂತೆ!" ಎಂದು ಕುಣಿದೆ. ಅಪ್ಪ ನನ್ನನ್ನು ನೋಡಿದ, ಕಂಪನಿಯವನನ್ನು ನೋಡಿದ, ತಲೆಯಾಡಿಸಿದ. ಆ ಪೊಟ್ಟಣವನ್ನು ಓದಿದ ಜಂಬ ನನಗೆ ಬಹಳ ದಿನ ಇತ್ತು.

ಒಂದು ಷರತ್ತಿತ್ತು. ಕೋಸಿನ ಜೊತೆ ಬೇರೇನೂ ಬೆಳೆಯಬಾರದು. ಬೇರೆ ಗಿಡಗಳಿಂದ ಹುಳ ಬರುತ್ತದೆ, ನೀರೂ ಸಾಲುವುದಿಲ್ಲ ಎಂದ ಕಂಪನಿಯವನು. ಅಪ್ಪ ಗಂಟಲು ಸರಿಮಾಡಿಕೊಂಡು ಅಜ್ಜಿಗೆ ಹೇಳಿದ, "ಈ ಒಂದು ವರ್ಷ ಬದನೆ ಬೇಡ ಬಿಡವ್ವ. ಬಾವಿ ಮಗ್ಗುಲಲ್ಲಿ ಒಂದು ಪಾತಿ ನಿಂಗೇ ಬಿಡ್ತೀನಿ, ಅದ್ರಾಗೆ ಏನ್ ಬೇಕಾದ್ರೂ ಹಾಕ್ಕೊ."

ಅಜ್ಜಿ ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆವು. ಮಾಡಲಿಲ್ಲ. ಗೋಡೆಯತ್ತ ಕೈ ತೋರಿಸಿ, "ಬೀಜ ಗೋಡೆ ಮೇಲದೆ. ಎಲ್ಲಿಗೂ ಓಡಿಹೋಗಲ್ಲ" ಎಂದಳು.

ಕೋಸು ಬಂತು. ಸಾಲು ಸಾಲಾಗಿ, ಒಂದೇ ಅಳತೆಗೆ ಬಂತು. ಕಂಪನಿಯವನು ಹದಿನೈದು ದಿನಕ್ಕೊಮ್ಮೆ ಬಂದು ಇವತ್ತು ಈ ಪುಡಿ ಹೊಡೆಯಿರಿ, ನಾಳೆ ನೀರು ಬಿಡಿ ಎಂದು ಹೇಳಿಹೋಗುತ್ತಿದ್ದ. ಅಪ್ಪ ನಮ್ಮದೇ ತೋಟದಲ್ಲಿ ಕೈ ಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಲಾರಿಯವರು ತಂತಿಯ ಬಳೆಯೊಂದನ್ನು ತಂದು ಪ್ರತಿ ಕೋಸಿನ ಮೇಲೆ ಇಟ್ಟು ನೋಡುತ್ತಿದ್ದರು. ಬಳೆಯೊಳಗೆ ತೂರಿಹೋಗುವಷ್ಟು ಚಿಕ್ಕದಾದರೆ ಎಸೆದುಬಿಡುತ್ತಿದ್ದರು. ಎಸೆದದ್ದನ್ನು ಎತ್ತುಗಳು ತಿನ್ನುತ್ತಿದ್ದವು, ನಾವೂ ತಿನ್ನುತ್ತಿದ್ದೆವು. ಅಜ್ಜಿ ಮಾತ್ರ ಬೇಯುವ ವಾಸನೆಗೇ ಮೂಗು ಮುಚ್ಚಿಕೊಂಡು ಜಗಲಿಗೆ ಹೋಗಿ ಕೂರುತ್ತಿದ್ದಳು.

ಅವಳ ಬುಟ್ಟಿ ಅಟ್ಟ ಸೇರಿತು. ಜಯನಗರದ ಮನೆಗಳವರು ಎದುರಿಗೆ ಸಿಕ್ಕಾಗ ಬದನೆ ಕೇಳಿದರೆ ಮುಂದಿನ ವರ್ಷ ಎನ್ನುತ್ತಿದ್ದಳು. ಆ ಚಳಿಗಾಲದಲ್ಲಿ ಒಂದು ದಿನ ಅಪ್ಪ ಮಾರ್ಕೆಟ್ಟಿನಿಂದ ಬದನೆಕಾಯಿ ತಂದ. ನಮ್ಮ ಮನೆಗೆ ಬದನೆಕಾಯಿ ಹೊರಗಿನಿಂದ ಬಂದದ್ದು ಅದೇ ಮೊದಲು. ಅಮ್ಮ ಹುಳಿ ಮಾಡಿದಳು. ಅಜ್ಜಿ ಒಂದು ಹೋಳು ಬಾಯಿಗಿಟ್ಟು ಕೇಳಿದಳು:

"ಯಾರ ತೋಟದ್ದು?"

"ಮಾರ್ಕೆಟ್ಟಿಂದು."

"ಮಾರ್ಕೆಟ್ಟಿನಾಗೆ ಬೆಳೀತದಾ? ಯಾರ ತೋಟದ್ದು ಅಂದೆ."

ಅಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿ ಆ ಹೋಳನ್ನು ನುಂಗಿದಳು, ಇನ್ನೊಂದು ಹಾಕಿಸಿಕೊಳ್ಳಲಿಲ್ಲ.

ಬಾವಿ ಮಗ್ಗುಲಿನ ಪಾತಿಯಲ್ಲಿ ಅವಳು ಬದನೆ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳು ಅಲ್ಲಿ ಬೇರೆಯೇ ಕೆಲಸ ಮಾಡಿದಳು. ಆರು ಕೋಸಿನ ಸಸಿಗಳನ್ನು ತಂದು ನೆಟ್ಟು, ಅವು ತಲೆ ಕಟ್ಟಿದ ಮೇಲೆ ಕಿತ್ತುಕೊಡದೆ, ಒಂದೊಂದಕ್ಕೂ ಸೀರೆಯ ಚೂರು ಕಟ್ಟಿದಳು. ಬೀಜಕ್ಕೆ! ಕಂಪನಿಯವನ ಪೊಟ್ಟಣ ನೋಡಿದ ದಿನದಿಂದ ಅವಳ ತಲೆಯಲ್ಲಿ ಇದೇ ಕೊರೆಯುತ್ತಿತ್ತಂತೆ. ನಮ್ಮ ಮನೆಯಲ್ಲಿ ಬೀಜಕ್ಕೆ ಯಾರ ಮುಂದೆಯೂ ಕೈಚಾಚಿದ್ದಿಲ್ಲ. ಒಂದು ಸಲ ಕೋಸಿನ ಬೀಜ ಗೋಡೆಗೆ ಬಂದರೆ ಮುಗಿಯಿತು, ಆಮೇಲೆ ಅವನ ಜೀಪಿಗೆ ಕಾಯಬೇಕಿಲ್ಲ.

ಕಂಪನಿಯವನು ಬಟ್ಟೆ ಕಟ್ಟಿದ್ದನ್ನು ನೋಡಿ ನಕ್ಕ. ಕೆಟ್ಟದಾಗಿ ನಗಲಿಲ್ಲ, ಪಾಪ, ಸಮಾಧಾನವಾಗಿಯೇ ಹೇಳಿದ.

"ಅಜ್ಜಿ, ಇದು ಈ ಸೀಮೇಲಿ ಹೂ ಬಿಡಲ್ಲ. ಬೀಜ ಕಟ್ಟಬೇಕಾದ್ರೆ ಬಹಳ ಚಳಿ ಬೇಕು. ಬೀಜದ ಚಿಂತೆ ನಿಮಗ್ಯಾಕೆ? ವರ್ಷಾವರ್ಷ ನಾವೇ ಕೊಡ್ತೀವಲ್ಲ."

ಅವನ ಜೀಪು ಹೋದ ಮೇಲೆ ಅಜ್ಜಿ ನನ್ನ ಕಿವಿ ಹತ್ತಿರ ಬಂದು, "ಬೀಜ ಬಿಡದೆ ಇರೋ ಗಿಡ ಎಲ್ಲಾದ್ರೂ ಉಂಟೇನೇ? ಅವನು ವ್ಯಾಪಾರದವನು. ಬರಲ್ಲ ಅಂದೇ ಅಂತಾನೆ" ಎಂದಳು. ನನಗೂ ಹೌದೆನ್ನಿಸಿತು. ಅವನು ಸುಳ್ಳು ಹೇಳಿರಲಿಲ್ಲ ಎಂದು ತಿಳಿದದ್ದು ನಾನು ಕಾಲೇಜಿಗೆ ಹೋದ ಮೇಲೆ.

ಅಜ್ಜಿ ಕಾದಳು. ಬೆಳಿಗ್ಗೆ ಎದ್ದವಳೇ ಪಾತಿಯ ಹತ್ತಿರ, ಸಂಜೆ ದೀಪ ಹಚ್ಚುವ ಮೊದಲು ಪಾತಿಯ ಹತ್ತಿರ. ನಾನು ಕಾಯಲಾರದೆ ಒಂದು ಕೋಸಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಒಳಗೆ ಹೂವಿದೆಯಾ ಎಂದು ಹುಡುಕಿದೆ. ಎಲೆಯೊಳಗೆ ಎಲೆ, ಅದರೊಳಗೆ ಇನ್ನೊಂದು ಎಲೆ, ಕೊನೆಗೆ ಕೈಯಲ್ಲಿ ಬರೀ ದಂಟು. ಅಜ್ಜಿ ಬೈದದ್ದನ್ನು ಇಲ್ಲಿ ಬರೆಯಲಾರೆ. ಉಳಿದ ಐದು ಬೇಸಿಗೆಗೆ ಸೀಳಿದವು. ಸೀಳಿನಿಂದ ಚಿಗುರು ಬಂತು, ಅಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಳು. ಅದು ಬರೀ ಎಲೆಯ ಚಿಗುರು. ಮಳೆ ಬಿದ್ದ ಮೇಲೆ ಐದೂ ಕೊಳೆತು ನಾರಿದವು.

ಎರಡನೆಯ ವರ್ಷ ಮತ್ತೆ ಆರು. ಈ ಸಲ ಚಳಿ ಬೇಕಲ್ಲ ಎಂದು ಮಣ್ಣಿನ ಮಡಕೆಯಲ್ಲಿ ಬಾವಿಯ ತಣ್ಣೀರು ತುಂಬಿಸಿ ಪಕ್ಕದಲ್ಲಿಟ್ಟಳು, ತೆಂಗಿನ ಗರಿಯ ಚಪ್ಪರ ಹಾಕಿದಳು. ಅಪ್ಪ ನೋಡಿಯೂ ನೋಡದಂತಿದ್ದ. ಅವೂ ಕೊಳೆತವು. "ಈ ವರ್ಷ ಬದನೆನಾದ್ರೂ ಹಾಕ್ಕೋಬಾರ್ದಿತ್ತಾ ಅತ್ತೆ?" ಎಂದಳು ಅಮ್ಮ. "ಅದು ಗೋಡೆ ಮೇಲದೆ" ಎಂದಳು ಅಜ್ಜಿ.

ಮೂರನೆಯ ವರ್ಷ ಕೋಸು ಕಟಾವಿಗೆ ನಿಂತಿದ್ದಾಗ ಲಾರಿ ಬರಲಿಲ್ಲ. ಒಂದು ವಾರ ಕಾದೆವು, ಎರಡು ವಾರ ಕಾದೆವು. ಆಮೇಲೆ ತಿಳಿಯಿತು, ಕಂಪನಿಗೆ ಬೇರೆ ಕಡೆ, ಇನ್ನೂ ದೊಡ್ಡ ಜಮೀನುಗಳಲ್ಲಿ ಕೋಸು ಸಿಗುತ್ತಿದೆಯಂತೆ. ಹೇಳಿಹೋಗುವಷ್ಟು ಸೌಜನ್ಯವೂ ಇರಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೆ. ಅಪ್ಪ ಎತ್ತುಗಳನ್ನು ಬಿಚ್ಚಿ ಕೋಸಿನ ಹೊಲದೊಳಗೆ ಬಿಟ್ಟ, ತಾನು ಹೋಗಿ ಬಾವಿಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ.

ಅಜ್ಜಿಯ ಮುಖದಲ್ಲಿ ಮಾತ್ರ ಏನೋ ಗೆಲುವು. "ಹೋದ್ರೆ ಹೋಗ್ಲಿ ಬಿಡು" ಎಂದು ಗೋಡೆಯಿಂದ ಬದನೆಯ ಬೆರಣಿಯನ್ನು ಕಿತ್ತು, ಮುರಿದು, ಬೀಜ ಬಿಡಿಸಿದಳು. ಪಾತಿ ಮಾಡಿ ಬಿತ್ತಿದಳು. ನಾನು ಐದನೆಯ ದಿನಕ್ಕೆ ಕೆದಕಿದೆ. ಹತ್ತನೆಯ ದಿನ ಮತ್ತೆ ಕೆದಕಿದೆ. ಬೀಜವನ್ನು ಉಗುರಿನಿಂದ ಒತ್ತಿದರೆ ಒಳಗೆ ಕಂದು ಪುಡಿ. ಪಾತಿಯ ಆ ತುದಿ, ಈ ತುದಿ, ಎಲ್ಲ ಕಡೆಯೂ ಅದೇ. ಬೀಜಕ್ಕೆ ಹೆಚ್ಚು ಕಾಲ ಜೀವವಿರುವುದಿಲ್ಲ ಎಂದು ಅಜ್ಜಿಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ವರ್ಷ ಹೊಸದು ಬರುತ್ತಿದ್ದ ಮನೆಯಲ್ಲಿ ಅದು ಎಷ್ಟು ಕಾಲ ಎಂದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಅವಳಿಗಿಂತ ಮೊದಲು ನನಗೆ ಗೊತ್ತಾಗಿತ್ತು. ಹೇಳಲು ಬಾಯಿ ಬರಲಿಲ್ಲ. ಅವಳು ಇನ್ನೂ ಒಂದು ವಾರ ಆ ಪಾತಿಗೆ ನೀರು ಹಾಕಿದಳು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನನ್ನು ಕರೆದುಕೊಂಡು ಸಾರಕ್ಕಿ, ಬಿಳೇಕಹಳ್ಳಿ ದಾಟಿ ಬೇಗೂರಿಗೆ ನಡೆದೇ ಹೊರಟಳು. ಅವಳ ತಮ್ಮನ ಮನೆಯಲ್ಲಿ ಬೀಜ ಇದ್ದೇ ಇರುತ್ತದೆ ಎಂಬ ಭರವಸೆ. ಕೆರೆಯ ಏರಿ ಹತ್ತಿದರೆ ಕೆಳಗೆ ನಮಗೆ ಕಂಡದ್ದು ಸಾಲು ಸಾಲು ಕೋಸು. ಇಲ್ಲಿಗೂ ಜೀಪು ಬಂದಿತ್ತು.

"ನಿನ್ನ ಹತ್ರ ಇರ್ತದಲ್ಲ ಅಂದ್ಕಂಡು ಸುಮ್ನಿದ್ದೆ ಕಣಕ್ಕ" ಎಂದ ಅವಳ ತಮ್ಮ.

"ನಾನೂ ಹಂಗೇ ಅಂದ್ಕಂಡಿದ್ದೆ" ಎಂದಳು ಅಜ್ಜಿ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದಳು. ಹಿಂದಿರುಗುವಾಗ ದಾರಿಯುದ್ದಕ್ಕೂ, ಹಿಂದೆ ತನ್ನಿಂದ ಬೀಜ ಒಯ್ದವರ ಮನೆ ಒಂದೊಂದನ್ನೂ ಹೊಕ್ಕು ಬಂದಳು. ಎಲ್ಲಿಯೂ ಇರಲಿಲ್ಲ.

ಸಿಕ್ಕಿದ್ದು ಜಯನಗರದಲ್ಲಿ, ಅದೂ ಅಚಾನಕ್ಕಾಗಿ. ಹಿಂದೆ ಬುಟ್ಟಿ ಇಳಿಸುತ್ತಿದ್ದ ಮೇಷ್ಟರ ಮನೆಯ ಅಮ್ಮಾವ್ರು ನನ್ನನ್ನು ಶಾಲೆಯ ದಾರಿಯಲ್ಲಿ ನಿಲ್ಲಿಸಿ, "ನಿಮ್ಮಜ್ಜಿ ಕೊಟ್ಟ ಬದನೆ ಗಿಡ ಇನ್ನೂ ಇದೆ ಕಣೇ, ಬಚ್ಚಲ ನೀರು ಕುಡ್ಕೊಂಡು ಮರ ಆಗ್ಬಿಟ್ಟಿದೆ" ಎಂದರು. ನಾನು ಶಾಲೆಗೆ ಹೋಗಲೇ ಇಲ್ಲ. ಮನೆಗೆ ಓಡಿ ಅಜ್ಜಿಯನ್ನು ಎಳೆದುಕೊಂಡು ಬಂದೆ.

ಹಿತ್ತಲಿನ ಮೋರಿಯ ಪಕ್ಕದಲ್ಲಿ ಗಿಡ ನಿಂತಿತ್ತು. ಕಾಂಡ ಕಟ್ಟಿಗೆಯಾಗಿತ್ತು, ಎಲೆ ಅರ್ಧ ಉದುರಿತ್ತು. ತುದಿಯಲ್ಲಿ ಒಂದೇ ಒಂದು ಕಾಯಿ, ನಿಂಬೆಹಣ್ಣಿನ ಗಾತ್ರದ್ದು. ಹಸಿರಿನ ಮೇಲೆ ಬಿಳಿ ಗೀರು. ಅಜ್ಜಿ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಒಂದು ಕಾಯಾದ್ರೂ ಹಣ್ಣಾಗಕ್ಕೆ ಬಿಟ್ಟಿದ್ರಾ ಅಮ್ಮಾವ್ರೆ?"

"ಹಣ್ಣಾಗೋಕಾ? ಬಲಿತರೆ ಕಹಿಯಾಗಲ್ವಾ ಅಜ್ಜಿ? ಬಂದ ಹಾಗೆ ಕಿತ್ತು ಹುಳಿಗೆ ಹಾಕ್ತಿದ್ವಿ."

"ಇದೊಂದನ್ನ ಬಿಡ್ತೀರಾ?"

"ಅಯ್ಯೋ, ಧಾರಾಳವಾಗಿ. ನಿಮ್ಮದೇ ಗಿಡ."

ಅಜ್ಜಿ ಸೆರಗಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದಳು. ಉಟ್ಟ ಸೀರೆಯನ್ನೇ ಹರಿದದ್ದು ನೋಡಿ ಅಮ್ಮಾವ್ರು ಗಾಬರಿಯಾದರು. ತೊಟ್ಟಿಗೆ ಕಟ್ಟುವಾಗ ಮುಳ್ಳು ಚುಚ್ಚಿ ಬೆರಳಲ್ಲಿ ರಕ್ತ ಬಂತು, ಅವಳಿಗೆ ಅದರ ಪರಿವೆಯಿರಲಿಲ್ಲ. ದಿನಾ ಶಾಲೆಗೆ ಹೋಗುವಾಗ ಬರುವಾಗ ನೋಡಿಕೊಂಡು ಬರುವ ಕೆಲಸ ನನ್ನದಾಯಿತು. "ಹಳದಿ ತಿರುಗಬೇಕು. ಒತ್ತಿದ್ರೆ ಮೆತ್ತಗಾಗಬೇಕು. ಅಲ್ಲಿ ತನಕ ನೋಡೋದಷ್ಟೇ, ಮುಟ್ಟೋದಲ್ಲ. ಗೊತ್ತಾಯ್ತಾ?"

ಗೊತ್ತಾಗಿತ್ತು. ಆ ದಿನಗಳಷ್ಟು ಉದ್ದದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಕಾಯಿ ಕಿತ್ತಳೆಯಷ್ಟಾಯಿತು, ಅಲ್ಲಿಗೆ ನಿಂತಿತು. ಹಸಿರು ಹಸಿರಾಗಿಯೇ ಇತ್ತು. ಮೇಷ್ಟರ ಮನೆಯ ಮಕ್ಕಳು ನನಗೆ ಪೊಲೀಸ್ ಎಂದು ಹೆಸರಿಟ್ಟರು. ತರಗತಿಯಲ್ಲಿ ಕೂತರೆ ಆ ಮಕ್ಕಳ ಚೆಂಡು ಗಿಡಕ್ಕೆ ಬಡಿದಂತೆ, ಹಸುವೊಂದು ಕಾಂಪೌಂಡು ದಾಟಿದಂತೆ, ಅಮ್ಮಾವ್ರು ಮರೆತು ಕಿತ್ತು ಹೆಚ್ಚಿದಂತೆ ಕಾಣುತ್ತಿತ್ತು. ಮನೆಗೆ ಬಂದರೆ ಅಜ್ಜಿ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಐತೆ" ಎನ್ನುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ತೊಟ್ಟಿನ ಪಕ್ಕದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಸಾಸಿವೆಯಷ್ಟು ಚಿಕ್ಕದು. ಹುಳ! ಒಳಗೆ ಹೊಕ್ಕಿದೆ, ಬೀಜವನ್ನೆಲ್ಲ ತಿಂದುಬಿಡುತ್ತದೆ, ಮನೆಗೆ ಓಡಿ ಹೇಳಿ ಬರುವಷ್ಟರಲ್ಲಿ ಏನೂ ಉಳಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆ ಕಾಲು ಗಂಟೆಯ ದಾರಿ. ಒಂದು ಹುಳ ಕಾಲು ಗಂಟೆಯಲ್ಲಿ ಎಷ್ಟು ತಿಂದೀತು ಎಂದು ಆಗ ಯೋಚಿಸಲಿಲ್ಲ. ಯೋಚಿಸಬೇಕೆಂದೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಂದು ನೆವ ಬೇಕಾಗಿತ್ತು. ಕಿತ್ತೆ. ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಕಂಪಾಸು ಪೆಟ್ಟಿಗೆಯಲ್ಲಿದ್ದ ಬ್ಲೇಡಿನಿಂದ ಎರಡು ಹೋಳು ಮಾಡಿದೆ.

ಹುಳ ಇರಲಿಲ್ಲ. ಆ ಚುಕ್ಕೆ ಸಿಪ್ಪೆಯ ಮೇಲಿನ ಕಲೆ, ಅಷ್ಟೆ. ಒಳಗೆ ಬೆಳ್ಳಗಿನ ತಿರುಳು, ಬೆಳ್ಳಗಿನ ಎಳೆಯ ಬೀಜ.

ಎರಡು ಹೋಳನ್ನೂ, ಸೀರೆಯ ಚೂರನ್ನೂ ಲಂಗದಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಐತೆ" ಎನ್ನಲು ಬಾಯಿ ತೆರೆದೆ, ಅಳು ಬಂತು. ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ತಟ್ಟೆಯಲ್ಲಿ ನೀರು ತಂದು, ಹೋಳುಗಳ ಬೀಜವನ್ನು ಉಗುರಿನಿಂದ ಬಿಡಿಸಿ ನೀರಿಗೆ ಹಾಕಿದಳು. ಒಂದೂ ಬಿಡದೆ ಎಲ್ಲ ತೇಲಿದವು. ಬೆರಳಿನಿಂದ ಒಂದೊಂದನ್ನೂ ಕೆಳಕ್ಕೆ ಒತ್ತಿದಳು. ಮತ್ತೆ ಮೇಲೆ ಬಂದವು. ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿ ಬಂದಳು.

ಮೇಷ್ಟರ ಮನೆಯ ಗಿಡ ಆಮೇಲೆ ನಾಲ್ಕಾರು ಹೂ ಬಿಟ್ಟಿತಂತೆ, ಎಲ್ಲ ಉದುರಿದವಂತೆ. ಬೇಸಿಗೆಗೆ ಗಿಡವೇ ಒಣಗಿತು.

ನಾನು ಕಾಯಿ ಕಿತ್ತ ದಿನದ ಸಂಜೆ ಅಜ್ಜಿ ತಾನೇ ಒಲೆ ಮುಂದೆ ಕೂತಳು. ಎರಡು ಹೋಳನ್ನು ಸಣ್ಣಗೆ ಹೆಚ್ಚಿ, ಅವರೆಕಾಳಿನ ಹುಳಿಗೆ ಹಾಕಿ, ಮುದ್ದೆ ಮಾಡಿದಳು. ಅಪ್ಪನಿಗೆ ಎರಡು ಚೂರು, ಅಮ್ಮನಿಗೆ ಎರಡು, ತನಗೆ ಒಂದು. ಉಳಿದದ್ದನ್ನೆಲ್ಲ ನನ್ನ ತಟ್ಟೆಗೆ ಹಾಕಿದಳು. ಅಪ್ಪ ತನ್ನ ಚೂರನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದ.

"ಮೆಲ್ಲಗೆ ತಿನ್ನು" ಎಂದಳು ಅಜ್ಜಿ ನನಗೆ. "ಇನ್ನು ಸಿಗಾಕಿಲ್ಲ. ನಮ್ಮಲ್ಲೆಲ್ಲ ಚಿಕ್ಕೋಳು ನೀನೇ. ರುಚಿ ನಿಂಗಾದ್ರೂ ನೆಪ್ಪಿರಲಿ."

ನನಗೆ ಅಲ್ಲಿಂದ ಎದ್ದು ಓಡಿದರೆ ಸಾಕಾಗಿತ್ತು. ಅವಳ ಕಣ್ಣು ನನ್ನ ಮೇಲಿತ್ತು. ಚೂರುಗಳನ್ನೆಲ್ಲ ಒಂದೇ ತುತ್ತಿನಲ್ಲಿ ಮುದ್ದೆಗೆ ಸೇರಿಸಿ, ಅಗಿಯದೆ ನುಂಗಿ, ಕೈ ತೊಳೆಯಲು ಎದ್ದೆ.

ಆಮೇಲೆ ಅಜ್ಜಿ ಬದುಕಿರುವವರೆಗೂ ಆಗಾಗ ಕೇಳುತ್ತಿದ್ದಳು, "ಹೆಂಗಿತ್ತು ಹೇಳು, ನೆಪ್ಪದೆಯಾ?" ಅದೆ ಅಜ್ಜಿ, ಎನ್ನುತ್ತಿದ್ದೆ. ಹೇಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ.